ಕಮ್ ಬಿತ್ತು ಅನ್ನುವ ಮಾತು

ನಮ್ಮ ಕಡೆ ಏನಾದರೂ ಸಾಲದೆ ಹೋದರೆ 'ಕಮ್ ಬಿತ್ತು' ಅನ್ನುತ್ತಾರೆ. ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಅದನ್ನು 'ಕೊರತೆ' ಎಂದು ಬರೆಯಲು ಕಲಿತೆ. ಆದರೆ ಕೊರತೆಯನ್ನು ಯಾರು ಬೇಕಾದರೂ ಕುಳಿತಲ್ಲೇ ಬರೆಯಬಹುದು. ಕಮ್ ಬಿತ್ತು ಅನ್ನುವುದನ್ನು ಇನ್ನೊಬ್ಬರ ಬಾಗಿಲಿಗೆ ಹೋಗಿ ಹೇಳಬೇಕು. ಹೇಳಿದರೆ ಕೇಳಿದಂತೆಯೇ, ಕೊಡಿ ಎಂದು ಬೇರೆ ಅನ್ನಬೇಕಾಗಿಲ್ಲ.

ಅವ್ವ ಅದನ್ನು ಗೌಡರ ಅಂಗಳದಲ್ಲಿ ನಿಂತು ಎಷ್ಟೋ ಸಲ ಹೇಳಿದ್ದಳು. "ಹಿಟ್ಟ ಕಮ್ ಬಿದ್ದದ್ರಿ ಅವ್ವಾರ." ಗೌಡತಿ ಮೊರ ತಂದು, ಮುಟ್ಟದಂತೆ ಮೇಲಿನಿಂದಲೇ ಅವ್ವನ ಸೆರಗಿಗೆ ಸುರಿಯುತ್ತಿದ್ದರು. ಕೊಡುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಅವರು ನಮ್ಮ ಮನೆಗೆ ಬಂದು ಆ ಮಾತು ಹೇಳಿದ್ದು ಮಾತ್ರ ನೆನಪಿಲ್ಲ. ನೆನಪಿಲ್ಲ ಎನ್ನುವುದಕ್ಕಿಂತ, ಹೇಳಲಿಲ್ಲ. ನಾವು ಬೌದ್ಧರು, ನಮ್ಮ ಓಣಿ ಊರಿನ ಹೊರಗಿತ್ತು.

ಶಹಾಪುರದ ಈಚೆಯ ನಮ್ಮೂರಿಗೆ ಕಾಲುವೆ ನೀರು ಬಂದ ಮೊದಲ ವರ್ಷಗಳವು. ಜೋಳ, ತೊಗರಿ ಬೆಳೆದವರಿಗೆ ಭತ್ತದ ಅಂದಾಜು ಇರಲಿಲ್ಲ. ಎಷ್ಟು ಬೀಜ ನೆನೆಹಾಕಬೇಕು, ಸಸಿಮಡಿ ಎಷ್ಟು ದೊಡ್ಡದಿರಬೇಕು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಗೌಡರು ಜೋಳದ ಅಂದಾಜಿನಲ್ಲೇ ಕೈ ಬಿಗಿಹಿಡಿದು ಕಡಿಮೆ ಬೀಜ ಹಾಕಿದರು. ಅವ್ವ ಹೆದರಿ ಒಂದಕ್ಕೆರಡು ಹಾಕಿದಳು. ನಾಟಿ ಮುಗಿದಾಗ ನಮ್ಮ ಎರಡೆಕರೆ ತುಂಬಿ ಒಂದು ಮಡಿ ಸಸಿ ಉಳಿಯಿತು. ಬದುವಿನ ಆಚೆ ಗೌಡರ ಗದ್ದೆಯ ಒಂದು ಮೂಲೆ, ಕಣದಷ್ಟು ಅಗಲ, ಬರೀ ಕೆಸರಾಗಿ ನಿಂತಿತು.

ಅವ್ವ ಆ ಮಡಿಯನ್ನು ಹಾಗೇ ಬಿಟ್ಟಳು. ಸಸಿಗೂ ವಯಸ್ಸಿದೆ, ದಾಟಿದರೆ ಗೆಣ್ಣು ಬಂದು ನಾಟಿಗೆ ಬಾರದು. ಆದರೂ ದಿನವೂ ಹೋಗಿ ನೀರು ತಿರುಗಿಸಿ ಬರುತ್ತಿದ್ದಳು. ಅವರು ಒಮ್ಮೆ ಬಂದು ಕೇಳಲಿ ಎಂಬುದು ಅವಳ ಆಸೆ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ತಿಳಿದಿತ್ತು. ಜೊತೆಗೆ ನಾಟಿ ಮಾಡಿದ ಹೆಂಗಸರು ಅವಳನ್ನು ಕಾಡುತ್ತಿದ್ದರು. "ಅವರಿಗಿ ಸಸಿ ಅಷ್ಟ ಅಲ್ಲ ಬಿಡಬೇ, ಬಾಯೀನೂ ಕಮ್ ಬಿದ್ದದ" ಎಂದಳು ಒಬ್ಬಾಕೆ. ಅವ್ವ ನಕ್ಕಳು.

ಐದನೆಯ ದಿನವೋ ಆರನೆಯದೋ, ಗೌಡರ ಟ್ರ್ಯಾಕ್ಟರ್ ಕೆಂಭಾವಿ ಕಡೆಯ ಬೀಗರ ಊರಿನಿಂದ ಸಸಿ ಹೇರಿಕೊಂಡು ಬಂತು. ದಾರಿ ನಮ್ಮ ಮಡಿಯ ಪಕ್ಕದಲ್ಲೇ. ಬಿಸಿಲಿಗೆ ಬಾಡಿದ್ದ ಆ ಸಸಿಯನ್ನು ಸಂಜೆಯೊಳಗೆ ಮೂಲೆಗೆ ಹಚ್ಚಿದರು. ನನ್ನ ಡೈರಿಯಲ್ಲಿ ಆ ದಿನಕ್ಕೆ ಒಂದೇ ಸಾಲಿದೆ: ಅವರು ಕೇಳಲಿಲ್ಲ.

ಆ ಸಾಲನ್ನು ನಾನು ಹಾಸ್ಟೆಲಿನಲ್ಲಿ, ಆಮೇಲೆ ಯಾದಗಿರಿಯಲ್ಲಿ ಜೊತೆಗೆ ಕೆಲಸ ಮಾಡುವವರ ಮುಂದೆ, ಹಲವು ಸಲ ಹೇಳಿದ್ದೇನೆ. ಕೇಳಿದವರು ತಲೆಯಾಡಿಸುತ್ತಿದ್ದರು. ಈಚೆಗೆ ಸುರಪುರದಲ್ಲಿ ತಂಗಿಯ ಮನೆಯಲ್ಲಿ ಹೇಳಿದಾಗ, ಮೆಂತ್ಯ ಸೋಸುತ್ತಿದ್ದ ಅವಳು ತಲೆ ಎತ್ತದೆ ಅಂದಳು: "ಅವ್ವ ನಿನಗ ಹೋಗಿ ಹೇಳಿ ಬಾ ಅಂದಿದ್ಲಲ್ಲಕ್ಕಾ, ಸಸಿ ಉಳದಾವ, ಒಯ್ರಿ ಅಂತ. ನೀನ ಒಲ್ಲೆ ಅಂದಿ. ಅವರೇ ಬಂದು ಕೇಳಲಿ ಅಂದಿ."

ಇರಬಹುದು. ಆ ಮಾತಿನ ಧಾಟಿ ನನ್ನದೇ. ಆಗ ರಜೆಗೆ ಬಂದಿದ್ದೆ, ಹೊಸದಾಗಿ ಓದಿಕೊಂಡಿದ್ದೆ. ಆದರೆ ಅವ್ವ ಹೋಗು ಅಂದದ್ದು ನನ್ನ ನೆನಪಿನಲ್ಲಿ ಇಲ್ಲವೇ ಇಲ್ಲ, ಅವಳನ್ನು ಕೇಳೋಣವೆಂದರೆ ಅವಳೂ ಇಲ್ಲ. ನಾನು ಹೋಗಿದ್ದರೆ ಅವರು ಒಯ್ಯುತ್ತಿದ್ದರೋ, ಬೇಡವೆನ್ನುತ್ತಿದ್ದರೋ. ಬೇಡವೆಂದಿದ್ದರೆ ಅವ್ವನಿಗೆ ಇನ್ನೂ ಕಷ್ಟವಾಗುತ್ತಿತ್ತು ಎಂದು ಇಲ್ಲಿ ಬರೆದಿದ್ದೆ, ಹೊಡೆದುಹಾಕಿದೆ. ಅದು ನನಗೆ ಅನುಕೂಲವಾದ ಸಾಲು. ಇದನ್ನೆಲ್ಲ ಬರೆಯುವಾಗ ಏನಾದರೂ ಅನ್ನಿಸಬೇಕಿತ್ತು. ಅನ್ನಿಸುತ್ತಿಲ್ಲ.

ಮರುದಿನದ್ದು ತಂಗಿಗೂ ನನಗೂ ಒಂದೇ ರೀತಿ ನೆನಪಿದೆ. ಅವ್ವ ಕುಡುಗೋಲು ಒಯ್ದು ಇಡೀ ಮಡಿ ಕೊಯ್ದು ತಂದು ಎಮ್ಮೆಗೆ ಹಾಕಿದಳು. ಮುಂದಿನ ವರ್ಷ ಬೀಜ ನೆನೆಹಾಕುವಾಗ ಎರಡೆರಡು ಸಲ ಅಳೆದು, ಒಂದಿಷ್ಟನ್ನು ತಿರುಗಿ ಚೀಲಕ್ಕೆ ಸುರಿದಳು. ಕಮ್ ಬಿದ್ದರೆ ಏನು ಮಾಡುತ್ತೀ ಎಂದು ಕೇಳಿದೆ.

"ಬಿದ್ರ ಬೀಳಲಿ," ಅಂದಳು. "ಉಳದದ್ದು ನೋಡಾಕ ಆಗೂದಿಲ್ಲ ನನಗ."