ಮೈಲಿ ಮೀಟರಿನ ಮೂವತ್ತು

ಹಾಸನೂರಿನ ಕಾಡುರಸ್ತೆಯ ತಿರುವಿನಲ್ಲಿ ಜಿಂಕೆಮರಿಯೊಂದು ನನ್ನ ಹಳೇ ಮಿಲಿಟರಿ ಜೀಪಿಗೆ ಅಡ್ಡ ಬಂತು. ಬ್ರೇಕ್ ಒತ್ತಿದರೂ ತಪ್ಪಲಿಲ್ಲ, ಅಲ್ಲೇ ಸತ್ತುಹೋಯಿತು. ಓಡಿಬಂದ ಫಾರೆಸ್ಟ್ ವಾಚರ್‌ಗೆ, ‘ಬೋರ್ಡ್‌ನಾಗ ಮೂವತ್ತು ಅಂತ ಐತಲ್ಲ, ಅದ್ರ ಮ್ಯಾಲ ಓಗಿಲ್ಲ ಕಣಪ್ಪ’ ಎಂದು ಜೋರು ಮಾಡಿದೆ. ಅವನು ಬಗ್ಗಿ ಮೀಟರ್ ನೋಡಿದ. ‘ಇದು ಮೈಲಿ ಮೀಟ್ರು ಕಣಣ್ಣ. ನಿಮ್ಮ ಮೂವತ್ತು ಅಂದ್ರ ಐವತ್ತು ಕಿಲೋಮೀಟ್ರು ಅತ್ರ.’

ಕಿಲೋಮೀಟರಿನದು ಹಾಕಿಸಿಕೊಳ್ಳಿ ಎಂದು ಮೆಕ್ಯಾನಿಕ್ ಎರಡು ಸಲ ಹೇಳಿದ್ದ. ಮುಳ್ಳು ಆಡುತ್ತದಲ್ಲ, ಸಾಕು ಎಂದಿದ್ದೆ. ಆ ಮುಳ್ಳನ್ನೇ ನಂಬಿ, ಹಿಂದಿಕ್ಕಿ ಹೋದವರನ್ನೆಲ್ಲ ಇಷ್ಟು ವರ್ಷ ಬೈದಿದ್ದೆ.

ಈಗ ಹೊಸ ಮೀಟರ್ ಹಾಕಿಸಿದ್ದೇನೆ. ಮೂವತ್ತರಲ್ಲಿ ಜೀಪು ಎತ್ತಿನ ಗಾಡಿಯಂತೆ ಸಾಗುತ್ತದೆ. ಈ ನಿಧಾನದಲ್ಲಿ ಬಂದಿದ್ದರೆ ಆ ಮರಿ ರಸ್ತೆ ದಾಟಿಬಿಡುತ್ತಿತ್ತು.