ನಾಗವೇಣಿಯ ಪರವಾಗಿ ಹೇಳಲಾಗದ ಮಾತು

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಹೊನ್ನಾವರದ ಒಂದು ಖಾಸಗಿ ಆಸ್ಪತ್ರೆಯ ಪ್ಯಾಲಿಯೇಟಿವ್ ವಾರ್ಡಿನಲ್ಲಿ ಹಿರಿಯ ನರ್ಸ್ ಆಗಿದ್ದೆ. ಗುಣವಾಗದ ಕಾಯಿಲೆಯವರ ನೋವು ತಗ್ಗಿಸಿ, ಇರುವಷ್ಟು ದಿನ ನೆಮ್ಮದಿಯಾಗಿ ನೋಡಿಕೊಳ್ಳುವ ವಾರ್ಡು ಅದು. ಅಲ್ಲಿಗೆ ಭಟ್ಕಳ ಬಂದರಿನ ಮಾದೇವ ಬಂದರು. ಮೀನುಗಾರಿಕೆ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ ಆಗಿದ್ದವರು. ಲಿವರ್ ಕ್ಯಾನ್ಸರ್ ಕೊನೆಯ ಹಂತದಲ್ಲಿತ್ತು.

ಜೋರಿನ ಮನುಷ್ಯ. ಇಂಜೆಕ್ಷನ್ ಚುಚ್ಚಿದರೆ ನನ್ನ ವಂಶವನ್ನೇ ಬೈದು, ಆಮೇಲೆ "ಬೇಜಾರ್ ಮಾಡ್ಕಂಬೇಡಿ ಸಿಸ್ಟರೆ" ಎನ್ನುವರು. ಹೊರಗೆ ಯಾರ ಚಪ್ಪಲಿ ಸದ್ದಾದರೂ ಒಂದೇ ಪ್ರಶ್ನೆ: "ನಾಗವೇಣಿ ಬಂತಾ?"

ನಾಗವೇಣಿ ಅವರ ಹೆಂಡತಿ. ಗಂಡ ಕುಡಿದು ಬಂದು ಹೊಡೆಯುವುದನ್ನು ತಾಳಲಾರದೆ ಎಷ್ಟೋ ವರ್ಷಗಳ ಹಿಂದೆಯೇ ಕುಮಟಾದ ತವರಿಗೆ ಹೋಗಿದ್ದರು. ಇದನ್ನು ಮಾದೇವರೇ ಹೇಳಿದ್ದು. ಹೊಡೆಯುವಾಗ ಬೇಡವಾದವಳು ಈಗೇಕೆ ಬೇಕು ಎಂದು ನನಗೆ ಸಿಟ್ಟೇ ಬಂತು. ಆದರೆ ಮನುಷ್ಯರಿಗೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ ಎಂದು ಚಿಕ್ಕಂದಿನಿಂದ ಇಗರ್ಜಿಯಲ್ಲಿ ಪಾದ್ರಿಗಳ ಬಾಯಿಂದ ಕೇಳುತ್ತ ಬೆಳೆದವಳು ನಾನು. ಸಿಟ್ಟು ನುಂಗಿಕೊಂಡು ಅವರ ಬೆನ್ನು ಒರೆಸಿದೆ.

ದಿನ ಕಳೆದಂತೆ ಆ ಕಾಯುವಿಕೆ ನನಗೂ ಅಂಟಿತು. ನಾಗವೇಣಿ ಬರಲಿ, ಒಮ್ಮೆ ಕ್ಷಮಿಸಿದೆ ಅನ್ನಲಿ ಎಂದು ದಿನಾ ಪ್ರಾರ್ಥಿಸುತ್ತಿದ್ದೆ. ಫೋನಿಗೆ ಅವರು ಸಿಗಲಿಲ್ಲ. ಅವರು ಮೀನು ಮಾರುತ್ತಾರೆಂದು ಕೇಳಿ, ಒಂದು ರಜೆಯ ದಿನ ನಾನೇ ಕುಮಟಾದ ಮೀನು ಪೇಟೆಗೆ ಹೋದೆ.

ಅವರು ತಾರ್ಲೆ ಮೀನಿನ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದರು. ಮಾದೇವರಿರುವ ಆಸ್ಪತ್ರೆಯ ಸಿಸ್ಟರ್ ನಾನು ಎಂದದ್ದೇ ಕತ್ತು ತಿರುಗಿಸಿ, "ಈ ಬದಿಗೆ ಬಂದು ಹೇಳಿ. ಆ ಕಿವಿ ಕೇಳೂದಿಲ್ಲ, ಅವ್ರು ಹೊಡ್ದದ್ದು" ಎಂದರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಕ್ಷಮೆಯ ಮಾತುಗಳನ್ನು ಅಲ್ಲೇ ಬಿಟ್ಟು ಅವರ ಇನ್ನೊಂದು ಬದಿಗೆ ಹೋದೆ. ಅವರ ಸ್ಥಿತಿ ಹೀಗಿದೆ, ನಿಮ್ಮನ್ನೇ ಕೇಳುತ್ತಾರೆ ಎಂದಷ್ಟೇ ಹೇಳಿದೆ.

"ನಾ ಬರೂದಿಲ್ಲ, ಸಿಸ್ಟರೆ." ಒಬ್ಬ ಗಿರಾಕಿಯನ್ನು ಕಳಿಸಿ ಮತ್ತೆ ಕೇಳಿದರು, "ಉಣ್ಣೂಕೆ ಎಂತ ಕೊಡ್ತ್ರಿ?"

"ಗಂಜಿ. ಮೀನು ಬೇಕು ಅಂತಾರೆ."

"ಮುಳ್ಳು ತೆಗ್ದು ಕೊಡಿ. ಹುಟ್ಟಿದ್ದೇ ಸಮುದ್ರದ ದಂಡಿಗೆ, ಮುಳ್ಳು ತೆಗೂಕೆ ಬರೂದಿಲ್ಲ ಆ ಜನಕ್ಕೆ. ನಾನೇ ತೆಗ್ದು ಹಾಕ್ತಿದ್ದೆ." ನಗಲು ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ವಾಪಸು ಬರುವ ಬಸ್ಸಿನಲ್ಲಿ ನನ್ನ ಮನಸ್ಸು ಒಂದು ಸುಳ್ಳಿನ ಸುತ್ತಲೇ ಸುಳಿಯಿತು. ಕ್ಷಮಿಸಿದ್ದಾರಂತೆ ಎಂದು ಹೇಳಿಬಿಟ್ಟರೆ ಮಾದೇವ ನೆಮ್ಮದಿಯಿಂದ ಕಣ್ಣು ಮುಚ್ಚುತ್ತಾರೆ. ಕೇಳುವವರು ಯಾರಿದ್ದಾರೆ? ಆದರೆ ಆ ಕ್ಷಮೆ ನನ್ನದಲ್ಲ. ಅದನ್ನು ದಾನ ಮಾಡಲು ನಾನು ಯಾರು? ವಾರ್ಡಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬರುವುದಿಲ್ಲ ಎಂದದ್ದನ್ನೂ ಹೇಳಿದೆ, ಮುಳ್ಳಿನ ಮಾತನ್ನೂ ಹೇಳಿದೆ.

ಮಾದೇವ "ಬರೂ ಹಂಗೆ ನಾ ಇಟ್ಕಂಡಿದ್ನಾ ನಾಗವೇಣಿನ?" ಎಂದರು. ಮರುದಿನ ತಾರ್ಲೆಯ ಮುಳ್ಳು ಬಿಡಿಸಿ, ಅನ್ನ ಕಲಸಿ ತಿನ್ನಿಸಿದೆ. ಎರಡು ತುತ್ತು ತಿಂದು ಅತ್ತರು. ಆದರೂ ಚಪ್ಪಲಿ ಸದ್ದಾದರೆ ಕೇಳುವುದನ್ನು ಬಿಡಲಿಲ್ಲ.

ಅವರು ಹೋದ ಮೇಲೆ ಸುದ್ದಿ ಹೇಳಲು ಮತ್ತೆ ಕುಮಟಾಕ್ಕೆ ಹೋದೆ. "ಕಡೀಗೂ ಕೇಳ್ತಿದ್ರಾ ನನ್ನ?" ಎಂದರು ನಾಗವೇಣಿ. ಹೌದು ಎಂದೆ. ಅವರು ಬುಟ್ಟಿಗೆ ಗೋಣಿ ಮುಚ್ಚಿದರು.

"ನಾನೂ ಕಾದೆ, ಸಿಸ್ಟರೆ. ಕುಡೀದೆ ಒಂದಿನ ಕರೂಕೆ ಬರ್ತ್ರು ಅಂತ, ಇಷ್ಟು ವರ್ಷ."

ಅವರ ಪಕ್ಕದಲ್ಲಿ, ಕೇಳುವ ಕಿವಿಯ ಬದಿಗೆ, ಕೂತೆ. ಕ್ಷಮಿಸು ಎಂದು ದೇವರು ಹೇಳಿದ್ದು ನನಗೆ, ಇನ್ನೊಬ್ಬರಿಂದ ವಸೂಲಿ ಮಾಡಿ ತಾ ಎಂದಲ್ಲ. ಆ ವಾರ್ಡು ನನಗೆ ಕಲಿಸಿದ್ದು ಇದು. ಈಗಲೂ ಇಗರ್ಜಿಯ ಭಾನುವಾರದ ಪೂಜೆಯಲ್ಲಿ ಅವರಿಬ್ಬರನ್ನೂ ಒಟ್ಟಿಗೇ ನೆನೆಯುತ್ತೇನೆ. ಒಬ್ಬರಿಗಾಗಿ ಒಬ್ಬರು ಕಾದರು, ಬೇರೆ ಬೇರೆ ಬಾಗಿಲಲ್ಲಿ. ದೇವರ ಬಳಿಯಾದರೂ ಒಂದೇ ಬಾಗಿಲಲ್ಲಿ ಸಿಗಲಿ ಎಂಬ ನನ್ನ ಆಸೆ ಇನ್ನೂ ಹೋಗಿಲ್ಲ.