ಕಾಗದದ ಕೊನೆಯ ಸಾಲು

ಒಂದು ಕಾಲಕ್ಕೆ ನಮ್ಮನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಲೆಟಿಷಾ ಅಮ್ಮಾವ್ರು ತೀರಿಕೊಂಡ ಮೇಲೆ ಅವರ ತಮ್ಮನ ಮಗಳು ಒಂದು ಹಳೆಯ ದಿನಚರಿ ಪುಸ್ತಕ ತಂದು ನನ್ನ ಮುಂದೆ ಹಿಡಿದಳು. "ನಿಮ್ಮಿಬ್ಬರ ವಿಷ್ಯ ಇದ್ರಲ್ಲಿದೆ ಟೇಮರ್, ಓದಿ ಹೇಳ್ಲಾ?" ಅಂದಳು.

"ಕೊಡಿ ಇಲ್ಲಿ, ನಾನೇ ಓದ್ಕೋತೀನಿ" ಅಂದೆ. ಆ ಮಾತು ಆಡುವಾಗ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಉತ್ತರದವರಿಗೂ ದಕ್ಷಿಣದವರಿಗೂ ನಡೆದ ಯುದ್ಧ ಮುಗಿಯುವುದಕ್ಕೆ ಕೆಲವೇ ದಿನ ಮುಂಚಿನ ಪುಟ ಅದು. "ಇಂದು ಟೇಮರ್, ಸೂಕಿ ಇಬ್ಬರೂ ಹೊರಟುಹೋದರು. ಇಪ್ಪತ್ತೆರಡು ವರ್ಷ ಸೂಕಿಯ ಹೊಟ್ಟೆಬಟ್ಟೆ ನೋಡಿದೆ. ಒಂದು ಮಾತು ಹೇಳದೆ ಹೋದಳು. ಉಪಕಾರಗೇಡಿ. ಒಲೆಯೂ ಆರಿದೆ. ತಣ್ಣಗಿನ ಹಂದಿಮಾಂಸ ತಿಂದು ಮಲಗಿದೆ."

ಉಪಕಾರಗೇಡಿಯಂತೆ! ಓದಿ ಮೈಯೆಲ್ಲ ಉರಿದುಹೋಯಿತು. ಸೂಕಿಯಕ್ಕನಷ್ಟು ಉಪಕಾರ ನೆನೆಯುವ ಹೆಂಗಸನ್ನು ಕೆಂಟಕಿಯಲ್ಲೇ ನಾನು ಕಂಡಿಲ್ಲ. ಹಿಟ್ಟು ಹದವಾಗಿ ಬಂದರೆ ಹಿಟ್ಟಿಗೆ, ಸೌದೆ ಒಣಗಿದ್ದರೆ ಸೌದೆಗೆ, ಬೆಳಗ್ಗೆ ಬೂದಿಯೊಳಗೆ ಒಂದು ಕೆಂಡ ಉಳಿದಿದ್ದರೆ ಒಲೆಗೆ, "ಉಪಕಾರವಾಯ್ತು ಕಣಪ್ಪ" ಅನ್ನದೆ ಆಕೆ ಮುಂದಿನ ಕೆಲಸ ಮುಟ್ಟುತ್ತಿರಲಿಲ್ಲ. "ಒಲೆ ಏನು ನಿನ್ನ ನೆಂಟನೇನಕ್ಕ?" ಎಂದು ನಾನು ರೇಗಿಸುತ್ತಿದ್ದೆ. "ನೆಂಟರು ಇನ್ಯಾರಿದಾರೆ ಹೇಳು" ಅನ್ನುತ್ತಿದ್ದಳು.

ಇನ್ನೊಂದು ಅಭ್ಯಾಸವೂ ಇತ್ತು. ಜೋಳದ ರೊಟ್ಟಿ ಬೆಂದ ಕೂಡಲೇ ಚಾಕು ಹಾಕದೆ ಕೈಯಲ್ಲೇ ಮುರಿದು, ಮೊದಲ ತುಂಡನ್ನು ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದಳು. ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಒಮ್ಮೆ ಹಸಿವು ತಾಳಲಾರದೆ ನಾನು ಕೈ ಹಾಕಿದ್ದಕ್ಕೆ ಸೌಟಿನಲ್ಲಿ ಬಾರಿಸಿದಳು. "ಅದು ನನ್ನ ಮಗಂದು" ಅಂದಳು. ಆಕೆಯನ್ನು ಮಾರಿದಾಗ ಹುಡುಗನಿಗೆ ಏಳು ವರ್ಷ, ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಾನೂ ಕೇಳಲಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಹಾಗೆ ಕೇಳಬಾರದ ಒಂದು ಸಂಗತಿ ಇದ್ದೇ ಇರುತ್ತಿತ್ತು.

ನನ್ನ ಗಂಡ ಬರೆಲ್ ಸೆಣಬಿನ ಹೊಲದ ಕೆಲಸ ಬಿಟ್ಟು ಓಡಿಹೋಗಿ, ನೆಲ್ಸನ್ ಶಿಬಿರದಲ್ಲಿ ಉತ್ತರದವರ ಸೈನ್ಯ ಸೇರಿದ್ದ. ಸೈನ್ಯ ಸೇರಿದ ಗಂಡಸಿಗೆ ಬಿಡುಗಡೆ, ಮನೆಯಲ್ಲಿ ಉಳಿದ ಹೆಂಡತಿಗೆ ಅದೇ ಚಾಕರಿ. ಅವನಿಗೆ ಅಕ್ಷರ ಬಾರದು, ಯಾರ ಕೈಯಲ್ಲೋ ಬರೆಸಿ ಕಾಗದ ಹಾಕುತ್ತಿದ್ದ. ಕಾಗದ ಬಂದಾಗಲೆಲ್ಲ ಅಮ್ಮಾವ್ರು ಹಿತ್ತಿಲ ಅಡುಗೆಮನೆಗೆ ಬಂದು, ಕುರ್ಚಿ ಹಾಕಿಸಿಕೊಂಡು ನನಗೆ ಓದಿ ಹೇಳುತ್ತಿದ್ದರು. ಸೂಕಿಯಕ್ಕ ಅಲ್ಲೇ ಅವರೆ ಬಿಡಿಸುತ್ತಾ ಕೂತಿರುತ್ತಿದ್ದಳು.

ನಾಲ್ಕು ಕಾಗದ ಬಂದವು. ನಾಲ್ಕರಲ್ಲೂ ಒಂದೇ ರಾಗ. "ಟೇಮರ್, ನಾನು ಕ್ಷೇಮ. ನೀನು ಅಮ್ಮಾವ್ರ ಮಾತು ಕೇಳಿಕೊಂಡು ಅಲ್ಲೇ ಇರು. ಇಲ್ಲಿಗೆ ಬರಬೇಡ."

"ಥೂ, ಇವನ ಮುಖಕ್ಕಿಷ್ಟು! ತಾನು ನೀಲಿ ಕೋಟು ಹಾಕ್ಕೊಂಡು ಮೆರೀತಾನೆ, ನಾನಿಲ್ಲಿ ಇವರ ಬಟ್ಟೆ ಒಗೀತಾ ಬಿದ್ದಿರಬೇಕಂತೆ" ಎಂದು ಅಮ್ಮಾವ್ರು ಅತ್ತ ಹೋದ ಕೂಡಲೇ ಶಪಿಸುತ್ತಿದ್ದೆ.

ಆದರೂ ಏನೋ ಕಸಿವಿಸಿ. ನನಗೆ ಓದು ಬಾರದಿರಬಹುದು, ಕಣ್ಣು ಕಾಣುತ್ತಿತ್ತಲ್ಲ. ಅಮ್ಮಾವ್ರ ಬಾಯಿ ನಿಂತ ಮೇಲೂ ಅವರ ಕಣ್ಣು ಕಾಗದದ ತಳದವರೆಗೆ ಓಡುತ್ತಿತ್ತು. ಆಮೇಲೆ ತಲೆಯೆತ್ತಿ ಸೂಕಿಯಕ್ಕನನ್ನು ಒಂದು ಗಳಿಗೆ ನೋಡುತ್ತಿದ್ದರು. ಅವರೆ ಬಿಡಿಸುವ ಸದ್ದಿಗೆ ಸಿಡುಕೇನೋ ಅಂದುಕೊಂಡಿದ್ದೆ. ನಾಲ್ಕನೆಯ ಸಲವೂ ಹಾಗೇ ಆದಾಗ ನನಗೆ ಅನುಮಾನ ಹುಟ್ಟಿತು.

ಓದಿದ ಕಾಗದವನ್ನು ಅಮ್ಮಾವ್ರು ನನಗೇ ಕೊಟ್ಟುಬಿಡುತ್ತಿದ್ದರು. ಅಕ್ಷರ ಬಾರದವಳು ಇಟ್ಟುಕೊಂಡು ಏನು ಮಾಡಿಯಾಳು ಎಂಬ ಧೈರ್ಯ. ಆ ವಾರ ತಮ್ಮ ಚರ್ಮದ ಬೂಟಿಗೆ ಅಟ್ಟೆ ಹಾಕಿಸಿಕೊಂಡು ಬಾ ಎಂದು ನನ್ನನ್ನು ಊರಿಗೆ ಕಳಿಸಿದರು. ಎರಡೆರಡು ಕಾಗದ ಮಡಿಸಿ ಒಂದೊಂದು ಬೂಟಿನೊಳಗೆ ತುರುಕಿದೆ. ಚಮ್ಮಾರ ಗ್ರೀನ್ ಟಾಲಿವರ್ ನಮ್ಮ ಕರಿಯರವನೇ, ಆದರೆ ಹುಟ್ಟಿನಿಂದ ಯಾರ ಆಳೂ ಅಲ್ಲ, ಭಾನುವಾರ ಬೈಬಲ್ ಓದಿ ಹೇಳುವಾತ.

ಬೂಟಿಗೆ ಕೈ ಹಾಕಿ ಕಾಗದ ತೆಗೆದವನು ಬೀದಿಯತ್ತ ಕಣ್ಣಾಡಿಸಿ, ಬಾಗಿಲು ಅರ್ಧ ಮುಚ್ಚಿ ಓದತೊಡಗಿದ. ಮೊದಲ ಮೂರರಲ್ಲಿ ಬರೆಲ್ ನನ್ನನ್ನು ನೆನೆದು ಗೋಳಾಡಿದ್ದ. ನಾಲ್ಕನೆಯದರಲ್ಲಿ, "ಮಾರ್ಚ್ ಮೂರಕ್ಕೆ ಕಾನೂನಾಗಿದೆ. ಸಿಪಾಯಿಯ ಹೆಂಡತಿಗೂ ಮಕ್ಕಳಿಗೂ ಬಿಡುಗಡೆ. ಕಾಗದ ಮುಟ್ಟಿದ ದಿನವೇ ಹೊರಟು ಬಾ" ಎಂದಿತ್ತು.

"ಅಲ್ಲೇ ಇರು ಅಂತ ಇಲ್ವಾ?"

"ಎಲ್ಲೂ ಇಲ್ಲವ್ವ."

ಪಾಪ, ಆ ಮನುಷ್ಯನಿಗೆ ಎಷ್ಟೊಂದು ಬೈದಿದ್ದೆ! ಅಳು ಬಂತು, ಅದರ ಬೆನ್ನಿಗೇ ನಗು.

"ತಾಳು, ಕೆಳಗಡೆ ಇನ್ನೊಂದು ಸಾಲಿದೆ. ನಾಲ್ಕರಲ್ಲೂ ಇದೆ. ನಿನ್ನ ಗಂಡನಿಗೆ ಕಾಗದ ಬರೆದುಕೊಡೋನು ತನ್ನದಾಗಿ ಸೇರಿಸಿದ್ದಿರಬೇಕು" ಎಂದು ಗ್ರೀನ್ ಓದಿದ: "ಇದನ್ನು ಓದುವವರಲ್ಲಿ ವಿನಂತಿ. ಪರ್ಮೀಲಿಯಾ ಎಂಬವಳು, ಎಡ ಮುಂಗೈ ಮೇಲೆ ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತು, ಬಾರ್ಡ್ಸ್‌ಟೌನಿನಿಂದ ಮಾರಿಹೋದವಳು, ರೊಟ್ಟಿಯನ್ನು ಕೈಯಲ್ಲೇ ಮುರಿಯುವವಳು ಎಲ್ಲಾದರೂ ಕಂಡರೆ, ಮಗ ಪೇಟನ್ ಬದುಕಿದ್ದಾನೆ ಎಂದು ಹೇಳಿ."

ಆ ಮುಂಗೈಯನ್ನು ನಾನು ದಿನಾ ಹಿಟ್ಟಿನ ಬೋಗುಣಿಯಲ್ಲಿ ನೋಡುತ್ತಿದ್ದೆ.

ಓಡಿ ಬಂದು ಒಂದೇ ಉಸಿರಿಗೆ ಹೇಳಿದೆ. ಸೂಕಿಯಕ್ಕನ ಕೈ ಹಿಟ್ಟಿನೊಳಗೆ ನಿಂತುಬಿಟ್ಟಿತು.

"ಪರ್ಮೀಲಿಯಾ" ಅಂದಳು. "ನಂದೇ ಹೆಸರು. ಈ ಮನೆ ಹಿರೀ ಅಮ್ಮಾವ್ರದೂ ಅದೇ ಹೆಸರಿತ್ತು. ಅಡುಗೆಯೋಳಿಗೂ ಅದೇ ಇರಬಾರದು ಅಂತ, ಬಂದ ದಿನಾನೇ ಸೂಕಿ ಅಂತ ಮಾಡಿದ್ರು." ಆಮೇಲೆ ಕೇಳಿದಳು, "ಎಷ್ಟು ಕಾಗದದಲ್ಲಿತ್ತು?"

"ನಾಲ್ಕರಲ್ಲೂ."

"ನಾಲ್ಕು ಸಲವೂ ನಾನು ಇಲ್ಲೇ ಕೂತಿದ್ದೆ ಕಣೇ. ಇಲ್ಲೇ." ಆಕೆಯ ದನಿ ಅಷ್ಟು ಗಡುಸಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನಡಿ ಅಕ್ಕ, ಹೋಗೋಣ."

"ಕಾನೂನು ಹೆಂಡತಿ ಮಕ್ಕಳಿಗೆ ಅಂದ್ಯಲ್ಲ. ತಾಯಿಗೆ ಅಂತ ಇದೆಯಾ?"

ಇರಲಿಲ್ಲ. ದಾರಿಯಲ್ಲಿ ಹಿಡಿದರೆ ನನ್ನನ್ನು ಬಿಡಬೇಕು, ಆಕೆಯನ್ನು ಕಟ್ಟಿ ವಾಪಸು ತರಬಹುದು. ಆಮೇಲೆ ಎಲ್ಲಿಗೆ ಮಾರುತ್ತಾರೋ! ಮಗ ಇರುವ ಜಾಗ ತಿಳಿದ ಮೇಲೆ ಅವನು ಮತ್ತೆ ಕೈತಪ್ಪಿದರೆ ಆಕೆ ಉಳಿಯುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಆಕೆ ಉತ್ತರಕ್ಕೆ ಕಾಯಲಿಲ್ಲ. ಹಿಟ್ಟು ತಟ್ಟಿ, ರೊಟ್ಟಿ ಬೇಯಿಸಿ, ಮುರಿದಳು. ಅಷ್ಟನ್ನೂ ಬುಟ್ಟಿಗೆ ತುಂಬಿ, ಮೊದಲ ತುಂಡನ್ನು ಬೇರೆ ಬಟ್ಟೆಯಲ್ಲಿ ಸುತ್ತಿಟ್ಟಳು. ನಾನು ಬೂಟುಗಳನ್ನು ಅಮ್ಮಾವ್ರ ಕೋಣೆಯ ಬಾಗಿಲಲ್ಲಿಟ್ಟೆ. ಸೂಕಿಯಕ್ಕ ಒಲೆಯ ಮುಂದೆ ನಿಂತು, "ಉಪಕಾರವಾಯ್ತು ಕಣಪ್ಪ" ಅಂದಳು. ಇಪ್ಪತ್ತೆರಡು ವರ್ಷ ಆರಲು ಬಿಡದ ಬೆಂಕಿಗೆ ಒಂದು ಬಿಂದಿಗೆ ನೀರು ಸುರಿದಳು.

ಹಾಡುಹಗಲಲ್ಲೇ ನಡೆದೆವು. ಹನ್ನೊಂದು ಮೈಲಿ. ಕುದುರೆಯ ಮೇಲೆ ಬಂದ ಒಬ್ಬ ಬಿಳಿಯ ತಡೆದು, "ಎಲ್ಲಿಗೆ?" ಅಂದ.

"ಅಮ್ಮಾವ್ರ ತಮ್ಮನ ಮನೆಗೆ ರೊಟ್ಟಿ ಒಯ್ತಿದೀವಿ ದಣಿ. ಬಿಸಿ ಇದೆ, ಒಂದು ತಗೊಳ್ಳಿ" ಎಂದು ಸೂಕಿಯಕ್ಕ ಬುಟ್ಟಿ ಎತ್ತಿ ಹಿಡಿದಳು. ಅವನು ಎರಡು ತಗೊಂಡು ಹೋದ. ನನ್ನ ಎದೆ ಮತ್ತೆ ಸರಿಯಾಗಿ ಹೊಡೆದುಕೊಳ್ಳಲು ಎರಡು ಮೈಲಿ ಬೇಕಾಯಿತು.

ಶಿಬಿರದ ಬಾಗಿಲಲ್ಲಿ ನಮ್ಮವನೇ ಒಬ್ಬ ಸಿಪಾಯಿ ಬಂದೂಕು ಅಡ್ಡ ಹಿಡಿದ. ನಾನು ಬರೆಲ್‌ನ ಹೆಸರು, ಅವನ ದಳ ಹೇಳಿದೆ. ಸರಿ ಎಂದು ತಲೆಯಾಡಿಸಿದ.

"ಈಯಮ್ಮ ಯಾರ ಹೆಂಡತಿ?"

ನನ್ನ ನಾಲಿಗೆಯ ತುದಿಗೆ ಒಂದು ಸುಳ್ಳು ಬಂದಿತ್ತು. ಅಷ್ಟರಲ್ಲಿ ಆಕೆಯೇ ಅಂದಳು, "ನಾನು ಯಾರ ಹೆಂಡತೀನೂ ಅಲ್ಲಪ್ಪ. ಇಲ್ಲಿ ಕಾಗದ ಬರೆಯೋ ಹುಡುಗ ಇದಾನಲ್ಲ, ಅವನ ತಾಯಿ. ಒಳಗೆ ಬಿಡೋದಿಲ್ಲ ಅಂದ್ರೆ ಬೇಡ, ಒಂದ್ಸಲ ಬಾಗಿಲಿಗೆ ಕರಿ. ಮುಖ ನೋಡ್ಕೊಂಡು ಹೋಗ್ತೀನಿ."

ಸಿಪಾಯಿ ಬಂದೂಕು ಕೆಳಗಿಳಿಸಿದ. "ಎಡಗೈ ತೋರ್ಸವ್ವ" ಅಂದ.

ಆಕೆ ಅಂಗಿಯ ತೋಳು ಮೇಲೆ ಸರಿಸಿದಳು. ಅವನು ಆ ಗುರುತನ್ನೇ ನೋಡಿದ. "ಇಸ್ತ್ರಿಪೆಟ್ಟಿಗೆ, ಬಾರ್ಡ್ಸ್‌ಟೌನ್" ಎಂದು ಪಾಠ ಒಪ್ಪಿಸುವವನಂತೆ ಮೆಲ್ಲಗೆ ಅಂದ. ಆಮೇಲೆ ಒಳಗೆ ತಿರುಗಿ ಗಂಟಲು ಹರಿಯುವಂತೆ ಕೂಗಿದ, "ಲೋ, ಪರ್ಮೀಲಿಯಾ ಸಿಕ್ಕಿದ್ಲು ಕಣ್ರೋ! ಪೇಟನ್‌ನ ಕರೀರೋ!"

ಕೊಳಾಯಿಯ ಹತ್ತಿರ, ಹೇಸರಗತ್ತೆಗಳ ಹತ್ತಿರ, ಗುಡಾರಗಳ ಒಳಗೆ ಇದ್ದವರೆಲ್ಲ ಓಡಿಬಂದರು. ಆ ಹುಡುಗ ಕಾಗದ ಬರೆದುಕೊಡಲು ಯಾರಿಂದಲೂ ಕಾಸು ಮುಟ್ಟುತ್ತಿರಲಿಲ್ಲವಂತೆ. ಕೊನೆಯಲ್ಲಿ ತನ್ನದೊಂದು ಸಾಲು ಹಾಕಿಕೊಳ್ಳಲು ಬಿಟ್ಟರೆ ಸಾಕಿತ್ತಂತೆ. ಬರೆದ ಮೇಲೆ ಪೂರ್ತಿ ಓದಿ ಹೇಳುತ್ತಿದ್ದುದರಿಂದ ಆ ಸಾಲು ಎಲ್ಲರಿಗೂ ಬಾಯಿಪಾಠ. ಕಂಡರಿಯದ ನೂರಾರು ಗಂಡಸರು ಟೋಪಿ ತೆಗೆದು, "ಬಂದ್ಯಾ ತಾಯಿ", "ಬಂದ್ಯಾ ಅವ್ವ" ಎಂದು ದಾರಿ ಬಿಟ್ಟರು. ನನ್ನ ಬರೆಲ್ ಬಂದು ಹೆಗಲು ಹಿಡಿದುಕೊಂಡರೂ ನಾನು ಅವನತ್ತ ತಿರುಗಲಿಲ್ಲ.

ಆ ದಾರಿಯಲ್ಲಿ ಒಬ್ಬ ಎತ್ತರದ ಆಳು ನಡೆದು ಬಂದ. ಬೆರಳಿಗೆಲ್ಲ ಮಸಿ. ಆಕೆ ಬುಟ್ಟಿಯ ಮೂಲೆಯಿಂದ ಬಟ್ಟೆ ಬಿಚ್ಚಿ ಮೊದಲ ತುಂಡನ್ನು ನೀಡಿದಳು.

"ತಗೋ, ಇದು ಇವತ್ತಿಂದು" ಅಂದಳು. "ಹಿಂದಿನವನ್ನೆಲ್ಲ ಹಕ್ಕಿ ತಿಂದ್ಕೊಂಡು ಹೋದವು ಮಗ."

ಅವನು ನಿಂತಲ್ಲೇ ತಿಂದ. ಒಂದು ಪುಡಿಯೂ ಕೆಳಗೆ ಬೀಳದ ಹಾಗೆ ಅಂಗೈ ಒಡ್ಡಿಕೊಂಡು, ಅಳುತ್ತಲೇ ತಿಂದ. ಆಕೆಯನ್ನು ಅಲ್ಲಿಂದ ಹೊರಗೆ ಕಳಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಮಾರನೆಯ ದಿನದಿಂದ ದಳದ ಒಲೆ ಆಕೆಯದಾಯಿತು.

ನಾನು ಓದು ಕಲಿತದ್ದು ಪೇಟನ್‌ನ ಹತ್ತಿರವೇ, ಅವನು ಬರೆದಿಟ್ಟ ಕಾಗದಗಳ ಮೇಲೆ ಬೆರಳಿಟ್ಟು. ಯುದ್ಧ ಮುಗಿದು ದಳ ಚದುರುವವರೆಗೂ ಅವನು ಎಲ್ಲರ ಕಾಗದದ ಕೊನೆಯಲ್ಲಿ ತನ್ನ ಸಾಲನ್ನು ಬಿಡಲಿಲ್ಲ, ಮಾತು ಮಾತ್ರ ಬದಲಾಗಿತ್ತು. ತಾಯಿ ಹೇಳಿ ಬರೆಸಿದ್ದು ಅದು. ನಾನು ಯಾರ ಸಹಾಯವೂ ಇಲ್ಲದೆ ಓದಿದ ಮೊದಲ ಸಾಲೂ ಅದೇ: "ಪರ್ಮೀಲಿಯಾ ಸಿಕ್ಕಿದ್ದಾಳೆ. ಹುಡುಕಿದವರಿಗೆಲ್ಲ ಉಪಕಾರ."